ಸೆಲ್ಲುಗಳ ಪಂಕ್ತಿ

ಬೆಳಿಗ್ಗೆ ಏಳಕ್ಕೆಲ್ಲ ಗೋಣೆಪ್ಪನ ಕಟ್ಟೆಯ ಮೇಲೆ ದರ್ಬಾರು ಶುರುವಾಗುತ್ತಿತ್ತು. ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ಸೊಕ್ಕೆ ಊರಿನ ಸುತ್ತಲಿನ ಹೊಲಗಳಿಗೆ ಹಂದಿಗಳ ಕಾಟ. ಸರದಿಯ ಮೇಲೆ ಅಟ್ಟಣೆಯಲ್ಲಿ ಕೂತು ಕಾವಲು ಕಾದವರು ಕಣ್ಣುಜ್ಜಿಕೊಳ್ಳುತ್ತ ಬರುವರು. ತಲೆಗೆ ಕಟ್ಟಿಕೊಂಡಿದ್ದ ಬ್ಯಾಟರಿಯ ಹಿಂಬದಿ ಬಿಚ್ಚಿ, ಹೆಬ್ಬೆರಳು ಗಾತ್ರದ ಲಿಥಿಯಂ ಸೆಲ್ಲನ್ನು ತೆಗೆದು ಗೋಣೆಪ್ಪನ ಕೈಗೆ ಹಾಕುವರು. ಬೆಂಚಿನ ಮೇಲೆ ಕೂತು ಅವನ ಹೆಂಡತಿ ಸಾವಂತ್ರಮ್ಮ ಮಾಡಿದ ಟೀ ಕುಡಿದು ಮನೆಗೆ ಹೋಗುವರು. ಸಂಜೆ ಹೊತ್ತಿಗೆ ಸೆಲ್ಲು ತುಂಬಿ ತಯಾರಿರಬೇಕು.

ಊರಿನ ಹಿರಿಯರು ಯಾವ ಕಾಲದಲ್ಲೋ ಕೇರಿಯನ್ನು ಊರಾಚೆ ತಳ್ಳಿದ್ದರು. ಅದರ ಫಲ ನೋಡಿ, ಈಗ ಎಲ್ಲರ ಹೊಲದ ದಾರಿಯೂ ಕೇರಿಯ ಮುಂದೆಯೇ ಹಾಯುತ್ತಿತ್ತು. ಆ ದಾರಿಯ ಮೊದಲ ಮನೆ ಗೋಣೆಪ್ಪನದು. ಬಾಗಿಲ ಮೇಲೆ ಬುದ್ಧನ ಪಟ, ಬಾಗಿಲ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಬೇವಿನ ಮರದ ಉದ್ದನೆಯ ಬೆಂಚು. ಬಂದವರು ನೆಲದ ಮೇಲೆ ಕೂರಬಾರದೆಂದು ಗೋಣೆಪ್ಪ ಜಗಳೂರಿನ ಬಡಗಿಯ ಹತ್ತಿರ ಹೇಳಿ ಮಾಡಿಸಿದ್ದ ಬೆಂಚು ಅದು.

ಪಂಚಾಯಿತಿಯಲ್ಲಿ ಇಪ್ಪತ್ತಾರು ವರ್ಷ ಊರಿಗೆ ನೀರು ಬಿಡುವ ನೀರುಗಂಟಿಯಾಗಿದ್ದವನಿಗೆ ಮೋಟರು, ವೈರು, ಸ್ಟಾರ್ಟರು ಎಲ್ಲ ಗೊತ್ತು. ಅಂದರೆ, ಎಲ್ಲ ಗೊತ್ತು ಎಂಬ ಧೈರ್ಯವಿತ್ತು. ಅವನ ತಂಗಿಯ ಮಗ ಶರಣು ಡ್ರೋನಿನಲ್ಲಿ ಔಷಧಿ ಹೊಡೆಯುವ ಕೆಲಸಕ್ಕೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಅಂತ ತಿರುಗುವವನು. ಅವನು ಹೊಸ ಚಾರ್ಜರ್ ಕೊಂಡಾಗ ಹಳೆಯದನ್ನು ಮಾವನಿಗೆ ಕೊಟ್ಟಿದ್ದ. ಅಂಗೈ ಅಗಲದ ಡಬ್ಬಿ. ಮುಂದೆ ನಾಲ್ಕು ಗುಂಡಿ, ನೀಲಿ ಬೆಳಕಿನಲ್ಲಿ ಓಡುವ ಅಂಕಿಗಳು. ಯಾವ ಗುಂಡಿ ಒತ್ತಬೇಕು, ಏನು ಮಾಡಬಾರದು ಎಂದು ಶರಣು ಫೋನಿನಲ್ಲಿ ಅರ್ಧ ಗಂಟೆ ಹೇಳಿದ. ಗೋಣೆಪ್ಪ ಮೊದಲ ಹತ್ತು ನಿಮಿಷ ಕೇಳಿಸಿಕೊಂಡು, ಉಳಿದದ್ದಕ್ಕೆ "ಹೂಂ, ಹೂಂ" ಅಂದ.

ಆಮೇಲೆ ಒಂದು ಹಲಗೆ ತಂದ. ಹಳೇ ಎಣ್ಣೆ ಡಬ್ಬದ ತಗಡು ಕತ್ತರಿಸಿ ಎರಡು ಪಟ್ಟಿ ಹೊಡೆದ. ಈ ಕಡೆಯ ಪಟ್ಟಿ ಪ್ಲಸ್ಸು, ಆ ಕಡೆಯದು ಮೈನಸ್ಸು. ನಡುವೆ ಹತ್ತು ಸೆಲ್ಲು ಸಾಲಾಗಿ ಮಲಗಿಸಿ, ಎರಡೂ ಪಟ್ಟಿಗೆ ಚಾರ್ಜರಿನ ವೈರು ಸಿಕ್ಕಿಸಿದರೆ ಒಂದೇ ಸಲಕ್ಕೆ ಎಲ್ಲಕ್ಕೂ ಊಟ. ಯಾರ ಸೆಲ್ಲು ಹೊಸದು, ಯಾರದು ಹಳೆಯದು, ಯಾರದು ಅರ್ಧ ಖಾಲಿ, ಯಾರದು ಪೂರ್ತಿ ಖಾಲಿ, ಒಂದನ್ನೂ ನೋಡುತ್ತಿರಲಿಲ್ಲ. ನೋಡಬಾರದು ಎಂಬುದೇ ಅವನ ಹಟ.

"ನಮ್ಮ ಕಟ್ಟೆ ಮೇಲೆ ಪಂಕ್ತಿಭೇದ ಇಲ್ಲ ಕಣ್ರಪ್ಪ" ಎನ್ನುತ್ತಿದ್ದ. "ಬಂದೋರೆಲ್ಲ ಒಂದೇ ಸಾಲು, ಒಂದೇ ಊಟ."

ಕೂತವರು ನಗುತ್ತಿದ್ದರು. ಆದರೆ ಗೋಣೆಪ್ಪನಿಗೆ ಅದು ನಗೆಯ ಮಾತಾಗಿರಲಿಲ್ಲ. ಅವನ ಅಪ್ಪ ಇದೇ ಊರಿನ ಹೋಟೆಲಿನ ಹೊರಗೆ ಕುಕ್ಕರುಗಾಲಿನಲ್ಲಿ ಕೂತು, ಮೇಲಿನಿಂದ ಹುಯ್ದ ಟೀಯನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿದು ಕುಡಿದವನು. ಅಂಥವನ ಮಗನ ಬೆಂಚಿನ ಮೇಲೆ ಈಗ ಊರಿನ ಓಂಕಾರಪ್ಪ ಗೌಡರು ಕಾಲ ಮೇಲೆ ಕಾಲು ಹಾಕಿ ಕೂತು ಟೀ ಕುಡಿಯುತ್ತಿದ್ದರು! ಮೊದಲ ದಿನ ಅವರು ಲೋಟ ಕೈಗೆತ್ತಿಕೊಂಡಾಗ ಗೋಣೆಪ್ಪನ ಕಣ್ಣು ಹನಿಗೂಡಿತ್ತು. ಹೊಸ್ತಿಲು ದಾಟಿ ಒಳಗೆ ಬಂದವರಲ್ಲ, ನಿಜ. ಆದರೂ ಕಟ್ಟೆಯವರೆಗೆ ಬಂದರಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ.

ಆ ಸೋಮವಾರ ಓಂಕಾರಪ್ಪ ಜೇಬಿನಿಂದ ತೆಗೆದ ಸೆಲ್ಲಿನ ಮೈಮೇಲೆ ಒಂದು ನೆಗ್ಗು ಇತ್ತು. ಮೇಲಿನ ಪ್ಲಾಸ್ಟಿಕ್ ಹರಿದು, ಅದಕ್ಕೆ ವೈರಿಗೆ ಸುತ್ತುವ ಕಪ್ಪು ಟೇಪು ಸುತ್ತಿದ್ದರು.

"ವರ್ಷದಿಂದ ಮೂಲೆಗೆ ಬಿದ್ದಿತ್ತು ಗೋಣೆಪ್ಪ, ಜೀವ ಬರ್ತದೇನು ನೋಡು" ಎಂದರು.

ಗೋಣೆಪ್ಪ ಅದನ್ನು ಕೈಯಲ್ಲಿ ಹೊರಳಿಸಿದ. ಇದು ಸರಿಯಿಲ್ಲ ಎಂದು ಅವನ ಕೈಗೇ ಗೊತ್ತಾಯಿತು. ಆದರೆ ಬಾಯಿ ಬರಲಿಲ್ಲ. ಗೌಡರ ಸೆಲ್ಲನ್ನು ಬೇಡ ಎಂದು ಪಕ್ಕಕ್ಕಿಡುವುದೇ? ಒಬ್ಬರದನ್ನು ಬೇರೆ ಇಟ್ಟರೆ ಅದು ಇನ್ನೊಂದು ಪಂಕ್ತಿಭೇದವೇ ಆಗಲಿಲ್ಲವೆ? "ಅದಕ್ಕೇನು ಗೌಡ್ರೆ, ಎಬ್ಬಿಸಾಣ" ಅಂದು, ಆಗಷ್ಟೇ ಕೇರಿಯ ಹುಡುಗ ಭೀಮೇಶ ಕೊಟ್ಟ ಮುಕ್ಕಾಲು ತುಂಬಿದ ಸೆಲ್ಲಿನ ಪಕ್ಕದಲ್ಲೇ ಅದನ್ನೂ ಮಲಗಿಸಿದ. ಹಲಗೆಯನ್ನು ಬೆಂಚಿನ ತುದಿಯ ಮೇಲಿಟ್ಟು ಚಾರ್ಜರಿನ ಗುಂಡಿ ಒತ್ತಿದ. ಅಷ್ಟರಲ್ಲಿ ಹೊಲದ ಕರೆಂಟ್ ಬಂತೆಂದು ಯಾರೋ ಕೂಗಿದರು. ನೀರು ತಿರುಗಿಸಲು ಗೋಣೆಪ್ಪ ಹೊಲಕ್ಕೆ ಓಡಿದ, ಬಂದವರೂ ಚೆದುರಿದರು.

ಸಾವಂತ್ರಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಕೆಲಸಕ್ಕೆ ಹೊರಡಲೆಂದು ತಲೆ ಬಾಚಿಕೊಳ್ಳುತ್ತಿದ್ದಾಗ ಕಟ್ಟೆಯಿಂದ ಬುಸ್ ಎಂಬ ಸದ್ದು ಕೇಳಿತು. ಹಾವೇ ಇರಬೇಕೆಂದು ಕೋಲು ಹಿಡಿದು ಬಂದರೆ, ಬೆಂಚಿನ ಮೇಲೆ ಬಿಳಿ ಹೊಗೆ, ಅದರ ನಡುವೆ ಪಟಾಕಿಯಂತೆ ಉಗುಳುವ ಬೆಂಕಿ. ಬೆಂಚಿನಿಂದ ಮಾರು ದೂರದಲ್ಲಿ ಶೇಂಗಾ ಹೊಟ್ಟಿನ ಬಣವೆ. ಅವಳು ಕೂಗುತ್ತ ನಿಲ್ಲಲಿಲ್ಲ. ಮೊದಲು ಗೋಡೆಯ ಪ್ಲಗ್ಗು ಕಿತ್ತಳು. ಆಮೇಲೆ ಕೋಲಿನಿಂದ ಹಲಗೆಯನ್ನು ಅಂಗಳಕ್ಕೆ ತಳ್ಳಿ, ಕಟ್ಟೆ ರಿಪೇರಿಗೆ ತರಿಸಿದ್ದ ಮರಳನ್ನು ಪುಟ್ಟಿಯಲ್ಲಿ ತುಂಬಿ ತುಂಬಿ ಸುರಿದಳು. ಅಷ್ಟರಲ್ಲಿ ಇನ್ನೊಂದು ಸೆಲ್ಲು ಸಿಡಿದು ಅವಳ ಬಲ ಅಂಗೈ ಸುಟ್ಟಿತು.

ಸುದ್ದಿ ಕೇಳಿ ಓಡಿ ಬಂದ ಗೋಣೆಪ್ಪ ಹೆಂಡತಿಯ ಕೈಗೆ ಒದ್ದೆ ಬಟ್ಟೆ ಸುತ್ತಿ ಕರೆದುಕೊಂಡು ಹೊರಟ. ಜಗಳೂರಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ, ಮೂರು ವಾರ ಒಲೆಯ ಹತ್ತಿರ ಹೋಗಬೇಡಿ ಅಂದರು. ಸಂಜೆ ಕೇಳಲು ಬಂದವರಿಗೆಲ್ಲ ಗೋಣೆಪ್ಪ ಒಂದೇ ಮಾತು ಹೇಳಿದ: "ಕರೆಂಟ್ ಹೆಚ್ಚುಕಮ್ಮಿ ಆತು." ಕರೆಂಟಿಗೆ ಬಾಯಿಲ್ಲವಲ್ಲ, ಯಾರ ತಪ್ಪನ್ನಾದರೂ ಹೊರುತ್ತದೆ.

ಓಂಕಾರಪ್ಪನವರೂ ಬಂದಿದ್ದರು. ಅವರಿಗೂ ಅದೇ ಮಾತು ಹೇಳಿದ. ಅವರು "ಛೆ, ಛೆ" ಎಂದು ತಲೆಯಾಡಿಸಿ ಹೋದರು. ಒಳಗಿನಿಂದ ಸಾವಂತ್ರಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಭಾನುವಾರ ಶರಣು ನ್ಯಾಮತಿಯಿಂದ ಬೈಕಿನಲ್ಲಿ ಬಂದ. ಅತ್ತೆಯ ಕೈ ನೋಡಿದ, ಬೆಂಚಿನ ಮೇಲಿನ ಕರಿ ಕಲೆ ನೋಡಿದ, ಕೊನೆಗೆ ಮರಳಿನಿಂದ ಹಲಗೆ ತೆಗೆದು ನೋಡಿದ. ಚಾರ್ಜರ್ ಹಚ್ಚಿದರೆ ನೀಲಿ ಅಂಕಿಗಳು ಓಡಿದವು.

"ಮಾವ, ಕರೆಂಟಿಗೂ ಏನಾಗಿಲ್ಲ, ಚಾರ್ಜರಿಗೂ ಏನಾಗಿಲ್ಲ. ನೀನು ತುಂಬಿದ ಸೆಲ್ಲು, ಖಾಲಿ ಸೆಲ್ಲು, ಸತ್ತ ಸೆಲ್ಲು ಎಲ್ಲ ಒಟ್ಟಿಗೆ ಹಾಕಿದ್ದೆ ಹೌದಾ?"

"ಹೌದಪ್ಪ. ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಚಾರ್ಜರೇ ಕೊಡ್ತದಲ್ಲ?"

"ಚಾರ್ಜರ್ ಶುರು ಆಗೋಕೆ ಮೊದ್ಲೇ ಕೆಲಸ ಕೆಟ್ಟಿರ್ತದೆ. ನೀನು ನೀರು ಬಿಟ್ಟೋನು, ನಿಂಗೆ ನಾನು ಹೇಳಬೇಕಾ? ತುಂಬಿದ ಟ್ಯಾಂಕಿನ ವಾಲ್ವ್ ಒಮ್ಮೆಗೇ ಪೂರ್ತಿ ತಿರುವಿದ್ರೆ ಖಾಲಿ ಪೈಪಿಗೆ ಏನಾಗ್ತದೆ?"

"ಒಡೀತದೆ" ಎಂದ ಗೋಣೆಪ್ಪ, ಸಣ್ಣ ದನಿಯಲ್ಲಿ.

"ಇದೂ ಹಂಗೇ. ಪಟ್ಟಿ ತಗುಲಿದ ಕೂಡ್ಲೇ ತುಂಬಿದ್ದು ಖಾಲಿಗೆ ಸುರೀತದೆ. ಗಟ್ಟಿ ಸೆಲ್ಲಾದ್ರೆ ಬಿಸಿ ಆಗಿ ಸುಮ್ಮನಾದೀತು, ನೆಗ್ಗಿದ್ದಾದ್ರೆ ಹೊತ್ತಿಕೊಳ್ತದೆ."

ಶರಣು ಚೀಲದಿಂದ ವೋಲ್ಟ್ ಅಳೆಯುವ ಮೀಟರ್ ತೆಗೆದ. ಉಳಿದಿದ್ದ ಸೆಲ್ಲುಗಳನ್ನು ಒಂದೊಂದಾಗಿ ಅಳೆದು, ಒಂದೇ ಜಾತಿಯ, ಹತ್ತಿರ ಹತ್ತಿರದ ಅಂಕಿಯವನ್ನು ಮಾತ್ರ ಒಂದು ಗುಂಪು ಮಾಡಿದ. ತಗಡಿನ ಹಲಗೆಯ ಬದಲು ಒಂದೊಂದು ಸೆಲ್ಲಿಗೂ ಬೇರೆ ಬೇರೆ ಸಣ್ಣ ಫ್ಯೂಸ್ ಇರುವ ಪ್ಲಾಸ್ಟಿಕ್ ಗೂಡು ತಂದಿದ್ದ. ಚಾರ್ಜರಿನಲ್ಲಿ ಲಿಥಿಯಂ ಅಯಾನ್ ಎಂಬುದನ್ನೇ ಆರಿಸಬೇಕು, ನಾಲ್ಕು ಪಾಯಿಂಟ್ ಎರಡು ವೋಲ್ಟಿಗೆ ನಿಲ್ಲಬೇಕು, ಸೆಲ್ಲಿಗೆ ಅರ್ಧ ಆಂಪಿಯರ್ ಲೆಕ್ಕ, ಪ್ಲಸ್ಸು ಮೈನಸ್ಸು ಎರಡು ಸಲ ನೋಡಬೇಕು ಎಂದ. ಹರಿದದ್ದು, ನೆಗ್ಗಿದ್ದು, ಎರಡೂವರೆ ವೋಲ್ಟಿಗಿಂತ ಕೆಳಗೆ ಇಳಿದದ್ದನ್ನು ಮುಟ್ಟಲೇಬಾರದು. ತುದಿಗೆ ಟೇಪು ಸುತ್ತಿ ಮರಳಿನ ಡಬ್ಬಿಗೆ ಹಾಕಿಟ್ಟರೆ, ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡಲು ದಾವಣಗೆರೆಗೆ ತಾನೇ ಒಯ್ಯುತ್ತೇನೆ ಎಂದ. "ಕೊನೇದು, ಎಲ್ಲಕ್ಕಿಂತ ದೊಡ್ಡದು. ಮರದ ಬೆಂಚಿನ ಮೇಲೆ ಬೇಡ, ಅಂಗಳದಲ್ಲಿ ಚಪ್ಪಡಿ ಕಲ್ಲಿನ ಮೇಲೆ ಇಡು. ಚಾರ್ಜಿಗೆ ಇಟ್ಟ ಮೇಲೆ ಮುಗಿಯೋ ತನಕ ಅಲ್ಲೇ ಕೂತಿರು. ಹೊಲದ ಕರೆಂಟ್ ಬರಲಿ, ದೇವೇಂದ್ರನೇ ಬರಲಿ, ಏಳಬ್ಯಾಡ."

ಗೋಣೆಪ್ಪ ಈ ಸಲ ಕಿವಿಗೊಟ್ಟು ಕೇಳಿದ. ಆದರೆ ಕೊನೆಗೆ ತಲೆ ಅಡ್ಡಡ್ಡ ಆಡಿಸಿದ.

"ಅಳೀತೀನಪ್ಪ. ಕಾವಲು ಕೂರ್ತೀನಿ. ಆದ್ರೆ ಒಬ್ಬರ ಸೆಲ್ಲು ತಗಂಡು, ಇನ್ನೊಬ್ಬರಿಗೆ ನಿಂದು ಬ್ಯಾಡ ಅನ್ನೋದು ನನ್ನ ಕೈಲಿ ಆಗಾಕಿಲ್ಲ. ನಿಂಗೆ ಗೊತ್ತಿಲ್ಲ ಶರಣು. ಇದು ಬ್ಯಾರೆ, ಅದು ಬ್ಯಾರೆ ಅಂತ ಕೇಳಿ ಕೇಳಿ ಸಾಕಾಗೈತೆ ನಂಗೆ. ನನ್ನ ಕಟ್ಟೆ ಮೇಲೆ ಆ ಮಾತು ಬರಬಾರದು. ಅದೂ ಗೌಡರಿಗೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹೊತ್ತಿಕೊಂಡಿದ್ದು ಗೌಡರ ಸೆಲ್ಲಾ?" ಎಂದು ಶರಣು ಕೇಳಿದ.

ಬಾಗಿಲಲ್ಲಿ ಕೂತಿದ್ದ ಸಾವಂತ್ರಮ್ಮ ಬಾಯಿ ತೆರೆದದ್ದು ಆಗಲೇ. ಆರು ದಿನದಿಂದ ನುಂಗಿಕೊಂಡಿದ್ದಳು, ಪಾಪ.

"ಕರೆಂಟಿನ ಮೇಲೆ ಹಾಕಿದ್ರಲ್ಲ, ನಿಮ್ಮನ್ನ ಏನನ್ನಬೇಕು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರೆ. ನಿಮಗೆ ಕೆಟ್ಟ ಮೇಲೂ ಬರವಲ್ದು. ನಾನು ಹದಿನಾಲ್ಕು ವರ್ಷದಿಂದ ಶಾಲೆಯಾಗೆ ಬಡಿಸ್ತಿದೀನಿ. ಒಂದನೇ ಕ್ಲಾಸಿನ ಮಗೀನೂ ಏಳನೇ ಕ್ಲಾಸಿನ ಹುಡುಗನೂ ಒಂದೇ ಸಾಲಿನಾಗೆ ಕೂರ್ತಾರೆ. ಹಂಗಂತ ಇಬ್ಬರಿಗೂ ಒಂದೇ ಸೌಟು ಹಾಕ್ತೀನಾ? ಜ್ವರ ಬಂದ ಮಗಿಗೆ ಇವತ್ತು ಬ್ಯಾಡ ಕಣವ್ವ, ಗಂಜಿ ಕುಡಿ ಅಂತೀನಿ. ಅದು ಪಂಕ್ತಿಭೇದನಾ? ಹೊಟ್ಟೆ ನೋಡಿ ಬಡಿಸೋದು ಬ್ಯಾರೆ, ಜಾತಿ ನೋಡಿ ಬಡಿಸೋದು ಬ್ಯಾರೆ. ನೀವು ಆವತ್ತು ಗೌಡರ ಸೆಲ್ಲು ಹಾಕಿದ್ದು ಎಲ್ಲರೂ ಒಂದೇ ಅಂತಲ್ಲ. ಗೌಡರು ಅಂತ ಹಾಕಿದ್ರಿ. ಭೀಮೇಶ ತಂದಿದ್ರೆ ತಲೆ ಮೇಲೆ ಮೊಟಕಿ ವಾಪಸ್ ಕೊಡ್ತಿದ್ರಿ."

ಶರಣು ತಲೆ ಬಗ್ಗಿಸಿ ಮೀಟರಿನ ವೈರು ಸುತ್ತುತ್ತ ಕೂತ. ಗೋಣೆಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೌದು, ಭೀಮೇಶನದಾಗಿದ್ದರೆ ವಾಪಸ್ ಕೊಡುತ್ತಿದ್ದ. ಹಾಗಾದರೆ ತನ್ನ ಕಟ್ಟೆಯ ಮೇಲೆ ಪಂಕ್ತಿಭೇದ ಮಾಡಿದವನು ತಾನೇ. ಹೆಂಡತಿಯ ಪಟ್ಟಿ ಕಟ್ಟಿದ ಕೈ ನೋಡಿ ಅವನಿಗೆ ಅಳು ಬಂತು, ತಡೆಯಲೂ ಇಲ್ಲ.

ಮಂಗಳವಾರದಿಂದ ದರ್ಬಾರು ಮತ್ತೆ ಶುರುವಾಯಿತು. ಅಂಗಳದಲ್ಲಿ ಚಪ್ಪಡಿ ಕಲ್ಲು, ಪಕ್ಕದಲ್ಲಿ ಮರಳಿನ ಬಕೆಟ್, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಗೋಣೆಪ್ಪ. ಒಬ್ಬೊಬ್ಬರ ಸೆಲ್ಲನ್ನೂ ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದು ಅಂಟಿಸುವನು. ಯಾರಾದರೂ ಮುನಿಸಿಕೊಂಡಾರೆಂದು ಹೆದರಿದ್ದೇ ಬಂತು. ಅವರಿಗೋ, ಸಂತೆಯಲ್ಲಿ ತೂಕದ ಯಂತ್ರ ಹತ್ತಿದಷ್ಟು ಖುಷಿ.

"ನಂದೆಷ್ಟು ಬಂತು ಗೋಣೆಪ್ಪಣ್ಣ?"

"ಮೂರು ಪಾಯಿಂಟ್ ಆರು."

"ತಿಮ್ಮೇಶಂದು ಮೂರೂ ಇಲ್ಲ! ಏನ್ಲಾ, ಅಟ್ಟಣೆ ಮೇಲೆ ದೀಪ ಹಚ್ಚಿಕೊಂಡೇ ಮಲಗಿದ್ದೇನು?"

ಬುಧವಾರ ಓಂಕಾರಪ್ಪನವರು ಬಂದರು. ಬೆಂಚಿನ ಕರಿ ಕಲೆಯಿಲ್ಲದ ಕಡೆ ಕೂತು, ಜೇಬಿಗೆ ಕೈ ಹಾಕಿದರು. ಹೊರಬಂದದ್ದು ಇನ್ನೊಂದು ಸೆಲ್ಲು. ಅದೇ ಟೇಪು, ಅದೇ ನೆಗ್ಗು. ಮೊದಲಿನ ಸೆಲ್ಲಿನ ಜೋಡಿಯೇ ಇರಬೇಕು. ಆದರೂ ಗೋಣೆಪ್ಪ ಮೀಟರ್ ಹಿಡಿದ. ಒಂದು ಪಾಯಿಂಟ್ ಎರಡು.

ಈ ಬೆಂಚು, ಈ ಟೀ, ಈ ಮಾತುಕತೆ ಎಲ್ಲ ಇವತ್ತಿಗೆ ಮುಗಿಯಿತು ಎನ್ನಿಸಿತು ಅವನಿಗೆ. ಆದರೆ ಒಳಗೆ ಸಾವಂತ್ರಮ್ಮನ ಕೈ ಇನ್ನೂ ಮಾದಿರಲಿಲ್ಲ.

"ಗೌಡ್ರೆ, ಇದನ್ನ ಹಾಕಾಕಿಲ್ಲ" ಎಂದ. "ಇದು ಸತ್ತೈತೆ. ಇನ್ನೊಂದು ಮಾತು. ಆವತ್ತು ಹೊತ್ತಿಕೊಂಡಿದ್ದು ಕರೆಂಟಿಂದಲ್ಲ. ನೀವು ಕೊಟ್ಟ ಸೆಲ್ಲಿಂದ. ತಪ್ಪು ನಿಮ್ಮದಲ್ಲ ಬಿಡ್ರಿ, ನಿಮಗೇನು ಗೊತ್ತು. ಸರಿಯಿಲ್ಲ ಅಂತ ಕೈಗೆ ಗೊತ್ತಾದ್ರೂ ಹಾಕಿದೋನು ನಾನು."

ಓಂಕಾರಪ್ಪ ಸೆಲ್ಲನ್ನೂ ಗೋಣೆಪ್ಪನನ್ನೂ ನೋಡಿದರು.

"ಆವತ್ತೇ ಯಾಕೆ ಹೇಳಲಿಲ್ಲ?"

"ಬ್ಯಾಡ ಅಂದ್ರೆ ನೀವು ಮತ್ತೆ ಈ ಬೆಂಚಿನ ಮೇಲೆ ಕೂರಲ್ಲ ಅಂತ ಹೆದರಿದ್ದೆ."

ಓಂಕಾರಪ್ಪ ಎದ್ದರು. ಸತ್ತ ಸೆಲ್ಲನ್ನು ಅಲ್ಲೇ ಬಿಟ್ಟು ಊರಿನ ಕಡೆ ನಡೆದರು. ಒಬ್ಬೊಬ್ಬರೇ ಎದ್ದು ಹೋದರು.

ಗೋಣೆಪ್ಪ ಆ ಸೆಲ್ಲಿನ ತುದಿಗೆ ಟೇಪು ಸುತ್ತಿ ಮರಳಿನ ಡಬ್ಬಿಗೆ ಹಾಕಿದ. ಉಳಿದವುಗಳಲ್ಲಿ ಒಂದು ಗುಂಪನ್ನು ಗೂಡಿಗೆ ಸೇರಿಸಿ ಗುಂಡಿ ಒತ್ತಿದ. ಆಶ್ಚರ್ಯವೆಂದರೆ ಅವನಿಗೆ ದುಃಖವಾಗಲಿಲ್ಲ. ಬೆಂಚು ತನ್ನದು, ಕಟ್ಟೆ ತನ್ನದು; ಯಾರಾದರೂ ಕೂತರೆ ಸಂತೋಷ, ಕೂರದಿದ್ದರೂ ಬೆಂಚಿಗೇನೂ ಕೊರತೆಯಾಗುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ಐವತ್ತೆಂಟು ವರ್ಷ ಬೇಕಾಯಿತಲ್ಲ ಎಂದು ತನಗೆ ತಾನೇ ನಕ್ಕ.

ಅರ್ಧ ಗಂಟೆ ಕಳೆದಿರಬೇಕು. ದಾರಿಯಲ್ಲಿ ಓಂಕಾರಪ್ಪ ಮತ್ತೆ ಕಾಣಿಸಿಕೊಂಡರು, ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. ಹತ್ತಿರ ಬಂದು ಮುಚ್ಚಳ ತೆಗೆದರು. ಒಳಗೆ ಸೆಲ್ಲುಗಳು; ಹಳೆಯವು, ಹೊಸವು, ಒಟ್ಟು ಹನ್ನೊಂದು.

"ಮನೇಲಿ ಇದ್ದಬದ್ದವೆಲ್ಲ ತಂದೀನಿ. ಇವನ್ನ ಅಕ್ಕಿ ಮೂಟೆ ಮೇಲೆ ಇಟ್ಟಿದ್ವಿ ಗೋಣೆಪ್ಪ. ಮೊಮ್ಮಗ ಆಡ್ತಾ ಇರ್ತಾನೆ ಅಲ್ಲಿ. ಅಳೆದು ಹೇಳು, ಯಾವುದು ಬದುಕೈತೆ, ಯಾವುದು ಸತ್ತೈತೆ."

ಹೇಳಿ ಬೆಂಚಿನ ಮೇಲೆ ಕೂತರು. ಈ ಸಲ ಕೂತದ್ದು ಸುಟ್ಟ ಕಲೆಯ ಮೇಲೆಯೇ. ಬಿಳಿ ಪಂಚೆಗೆ ಮಸಿ ಹತ್ತುವುದನ್ನೂ ನೋಡಲಿಲ್ಲ.

"ಸಾವಂತ್ರಮ್ಮ, ಕೈ ಹೆಂಗೈತವ್ವ?" ಎಂದು ಬಾಗಿಲ ಕಡೆ ಕೇಳಿದರು.

"ಐತೆ ಗೌಡ್ರೆ, ಮಾಯ್ತಾ ಐತೆ" ಎಂದು ಒಳಗಿನಿಂದ ಉತ್ತರ ಬಂತು. ಒಲೆಯ ಹತ್ತಿರ ಹೋಗಬೇಡ ಎಂದ ಡಾಕ್ಟರಿಗೆ ಸಾವಂತ್ರಮ್ಮನ ಪರಿಚಯವಿರಲಿಲ್ಲ. "ಟೀ ಕುದಿಸೀನಿ. ಎಡಗೈಲಿ ಸೋಸಿ ತರಾಕೆ ಆಗವಲ್ದು. ಯಾರಾದ್ರೂ ಬಂದು ತಗಳ್ರಿ."

ಗೋಣೆಪ್ಪ ಏಳಲು ಹೋದ. ಮಂಡಿ ಎತ್ತಿದವನು ಗೂಡಿನ ಕಡೆ ನೋಡಿದ. ನೀಲಿ ಅಂಕಿಗಳು ಓಡುತ್ತಿದ್ದವು. ಮತ್ತೆ ಕೂತ.

"ಚಾರ್ಜಿಗೆ ಇಟ್ಟೀನಿ ಕಣೇ. ಏಳಂಗಿಲ್ಲ."

ಕಟ್ಟೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಓಂಕಾರಪ್ಪ ಖಾಲಿ ಬೆಂಚನ್ನೊಮ್ಮೆ ನೋಡಿದರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಚಪ್ಪಲಿ ಕಟ್ಟೆಯ ಕೆಳಗೆ ಬಿಟ್ಟು, ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಹೊಸ್ತಿಲು ದಾಟಿದರು.

ಗೋಣೆಪ್ಪ ಅಂಕಿಗಳಿಂದ ಕಣ್ಣು ತೆಗೆಯಲಿಲ್ಲ. ಆದರೆ ಕಿವಿ ಪೂರ್ತಿ ಒಳಗಿತ್ತು.

"ಜಾಲರಿ ಆ ಮೊಳೆಗೆ ಐತೆ ಗೌಡ್ರೆ. ಅದಲ್ಲ, ಅದು ಹಾಲಿಂದು. ನಿಧಾನ, ಚೆಲ್ಲೀರಿ."

"ಲೋಟ ಎಲ್ಲೈತವ್ವ?"

"ಗೋಡೆ ಗೂಡಿನಾಗೆ. ಮೂರು ತಗಳ್ರಿ. ನಂಗೂ ಬೇಕು."

ಓಂಕಾರಪ್ಪ ಎರಡು ಲೋಟ ಹಿಡಿದು ಹೊರಗೆ ಬಂದರು. ಬೆರಳಿಗೆಲ್ಲ ಟೀ ಚೆಲ್ಲಿಕೊಂಡಿದ್ದರು. ಒಂದನ್ನು ಗೋಣೆಪ್ಪನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ತಾವೂ ಒಂದು ಗುಟುಕು ಕುಡಿದರು.

"ಇನ್ನೂ ಎಷ್ಟೊತ್ತು ಬೇಕು ಇದಕ್ಕೆ?"

ಗೋಣೆಪ್ಪ ಅಂಕಿ ನೋಡಿದ. "ಎರಡು ತಾಸು ಆಗ್ತದೆ ಗೌಡ್ರೆ."

"ಹಂಗಾದ್ರೆ ಇನ್ನೊಂದು ಸಲ ಒಳಗೆ ಹೋಗಬೇಕಾಗ್ತದೆ ನಾನು" ಎಂದು ಓಂಕಾರಪ್ಪ ಲೋಟ ಕೆಳಗಿಟ್ಟು ಡಬ್ಬಿಯಿಂದ ಮೊದಲ ಸೆಲ್ಲನ್ನು ಅಳೆಯಲು ಕೊಟ್ಟರು.